ಸುವರ್ಣಮ್ಮನವರ ರಾಗಿ ಲೆಕ್ಕ

ನಮ್ಮೂರಿನ ಹೆಸರು ಇಲ್ಲಿ ಬೇಡ. ಇದರಲ್ಲಿ ಬರುವ ಹೆಡ್‌ಮಾಸ್ಟರ ಮೊಮ್ಮಕ್ಕಳು ಇನ್ನೂ ಅಲ್ಲೇ ಇದ್ದಾರೆ, ಸಿಕ್ಕಾಗೆಲ್ಲ ನನಗೆ ಎಳನೀರು ಕೊಡಿಸುತ್ತಾರೆ. ಆ ಎಳನೀರನ್ನು ಕಳೆದುಕೊಳ್ಳಲು ನನಗೆ ಇಷ್ಟವಿಲ್ಲ. ಮುಳ್ಳೂರಿಗೆ ಕೂಗಳತೆಯ ಊರು ಅಂದರೆ ಸಾಕು. ಆಗ ಕೊಳ್ಳೇಗಾಲ ಮದರಾಸು ಸರ್ಕಾರದ್ದು, ಯಳಂದೂರು ಮೈಸೂರಿನದು. ನಮ್ಮ ಹೊಲದ ಬದುವಿನ ಮೇಲೆ ನಿಂತು ಕೂಗಿದರೆ ಇನ್ನೊಂದು ರಾಜ್ಯದವರು ಓಗೊಡುತ್ತಿದ್ದರು. ನಮ್ಮ ಶಾಲೆ ನೋಡಲು ಇನ್ಸ್‌ಪೆಕ್ಟರು ಬರಬೇಕಾದರೆ ಅಷ್ಟು ದೂರದ ಕೊಯಮತ್ತೂರಿನಿಂದ ಬರಬೇಕಿತ್ತು. ಅವರು ಬರುವುದು ಅಪರೂಪ, ಬಂದವರು ನಗುವುದು ಇನ್ನೂ ಅಪರೂಪ.

ಸುವರ್ಣಮ್ಮ ಯಳಂದೂರಿನ ಮಗಳು, ನಮ್ಮೂರಿನ ಸೊಸೆ. ಗಂಡ ಸದಾಶಿವಪ್ಪ ರೇಷ್ಮೆ ಹುಳು ಸಾಕುತ್ತಿದ್ದರು. ಹುಳುಗಳ ಜೊತೆ ಇದ್ದೂ ಇದ್ದೂ ಅವರಿಗೆ ಮಾತೇ ಮರೆತಿದೆ ಎಂದು ಊರು ಆಡಿಕೊಳ್ಳುತ್ತಿತ್ತು. ಆ ಮನೆಯ ಪಾಲಿನ ಮಾತನ್ನೆಲ್ಲ ಸುವರ್ಣಮ್ಮನವರೇ ಆಡಿ ಮುಗಿಸುತ್ತಿದ್ದರು. ಮದುವೆಯಾದ ಮೇಲೆ ಟ್ರೈನಿಂಗ್ ಮುಗಿಸಿ ನಮ್ಮೂರ ಬೋರ್ಡ್ ಶಾಲೆಗೇ ಮೇಡಮ್ಮನಾಗಿ ಬಂದವರು ಅವರು. ಎತ್ತರದ ಹೆಂಗಸು, ದೊಡ್ಡ ದನಿ. ಅವರು ನಕ್ಕರೆ ಬೀದಿಯ ನಾಯಿ ಎದ್ದು ನಿಲ್ಲುತ್ತಿತ್ತು. ಮಕ್ಕಳಿಗೆ ಒಂದು ಏಟು ಹಾಕಿದವರಲ್ಲ. ಬದಲಿಗೆ ರೇಗಿಸುತ್ತಿದ್ದರು, ಏಟಾದರೆ ಸಂಜೆಗೆ ಉರಿ ಇಳಿಯುತ್ತದೆ, ಅವರು ರೇಗಿಸಿದ್ದು ವಾರಗಟ್ಟಲೆ ಉರಿಯುತ್ತಿತ್ತು. ಹೊಟ್ಟೆನೋವು ಎಂದು ನಾನೊಮ್ಮೆ ಶಾಲೆ ತಪ್ಪಿಸಿದ್ದಕ್ಕೆ, ಮಾರನೆಯ ದಿನ ಇಡೀ ಕ್ಲಾಸಿನ ಎದುರು ನನ್ನ ಹೊಟ್ಟೆಯ ಯೋಗಕ್ಷೇಮ ವಿಚಾರಿಸಿದರು. ನನ್ನನ್ನಲ್ಲ, ಹೊಟ್ಟೆಯನ್ನು.

ಹೆಡ್‌ಮಾಸ್ಟರ ಹೆಸರು ಜಡೇಸ್ವಾಮಿ. ಒಳ್ಳೆಯ ಮನುಷ್ಯ, ನಿದ್ದೆಗೆ ಮಾತ್ರ ಬಹಳ ನಿಷ್ಠೆ. ಅವರ ಪ್ರಕಾರ ಗಣಿತ ಎಂದರೆ ಮಗ್ಗಿ. ಮಧ್ಯಾಹ್ನ ಉಂಡು ಬಂದ ಮೇಲೆ ಎಲ್ಲ ಕ್ಲಾಸಿನವರನ್ನೂ ಜಗಲಿಯಲ್ಲಿ ಕೂರಿಸಿ ಮಗ್ಗಿ ಹೇಳಿಸುತ್ತಿದ್ದರು. ಎರಡರದ್ದು, ಮೂರರದ್ದು, ಕಾಲಿನದು, ಮುಕ್ಕಾಲಿನದು, ಎಲ್ಲ ಒಂದೇ ರಾಗದಲ್ಲಿ. ನಾವು ಕೂಗುತ್ತಿದ್ದಷ್ಟು ಹೊತ್ತು ಅವರು ಕುರ್ಚಿಯಲ್ಲಿ ಸುಖವಾಗಿ ಮಲಗಿರುತ್ತಿದ್ದರು, ಕೂಗು ನಿಂತರೆ ಬೆತ್ತ ಹಿಡಿದು ಎದ್ದುಬಿಡುತ್ತಿದ್ದರು. ಅದಕ್ಕೇ ನಾವು ಹದಿನಾರರ ಮಗ್ಗಿ ಮುಗಿಸಿ ಉಸಿರು ಬಿಡದೆ ಮತ್ತೆ ಎರಡರಿಂದ ಹಿಡಿಯುತ್ತಿದ್ದೆವು. ಅವರ ನಿದ್ದೆ ಕಾಯುತ್ತಾ ಕಾಯುತ್ತಾ ನಮಗೆ ಮಗ್ಗಿಯೇನೋ ಬಂತು.

ಸಾವಿರದ ಒಂಬೈನೂರ ಐವತ್ತೊಂದರ ಬೇಸಿಗೆಯಲ್ಲಿ ಕೊಳ್ಳೇಗಾಲದಲ್ಲಿ ಮೇಷ್ಟ್ರುಗಳ ಮೀಟಿಂಗು ನಡೆಯಿತು. ದೊಡ್ಡ ಅಧಿಕಾರಿಯೊಬ್ಬರು ಬಂದು ಹೊಸ ಗಣಿತ ಕ್ರಮದ ವಿಷಯ ಹೇಳಿದರು. ಇನ್ನು ಮೇಲೆ ಬರೀ ಬಾಯಿಪಾಠ ಕೂಡದು, ಮಕ್ಕಳು ಅಳೆದು, ತೂಗಿ, ಹಂಚಿ ಲೆಕ್ಕ ಕಲಿಯಬೇಕು. ಮೊದಲು ಒಂದು ಶಾಲೆಯಲ್ಲಿ ಒಂದು ವರ್ಷ ನಡೆಸಿ ನೋಡುತ್ತೇವೆ, ಚೆನ್ನಾಗಿ ನಡೆದರೆ ಆ ಶಾಲೆಗೆ ಆರನೇ ತರಗತಿ ಕೊಡುತ್ತೇವೆ ಎಂದರು. ಯಾರು ಒಪ್ಪುತ್ತೀರಿ ಎಂದು ಕೇಳಿದಾಗ ಸಭೆಯಲ್ಲಿ ಒಂದೇ ಒಂದು ತಲೆ ಜೋರಾಗಿ ಆಡಿತು. ಅದು ನಮ್ಮ ಹೆಡ್‌ಮಾಸ್ಟರದು. ಅವರು ತೂಕಡಿಸುತ್ತಿದ್ದರು. ಚಪ್ಪಾಳೆಗೆ ಎಚ್ಚರವಾದಾಗ ಕೊರಳಲ್ಲಿ ಹಾರವಿತ್ತು.

ಊರಿಗೆ ಬಂದವರೇ ಆ ಹೊರೆಯನ್ನು ಸುವರ್ಣಮ್ಮನವರ ತಲೆಗೆ ಕಟ್ಟಿದರು. "ನೀವೇ ಮುಂದಾಳು. ಚೆನ್ನಾಗಾದ್ರೆ ಶಾಲೆಗೆ ಹೆಸರು. ಕೆಟ್ಟರೆ ನಿಮ್ಮ ಹೆಸರು" ಎಂದರು. ಸುವರ್ಣಮ್ಮ ಅಷ್ಟು ಸುಲಭವಾಗಿ ಒಪ್ಪಿದ್ದು ನೋಡಿ ಅವರಿಗೇ ಅನುಮಾನ ಬಂತಂತೆ.

ಒಪ್ಪಿದ್ದು ಯಾಕೆಂದು ನಮಗೆ ಅವರೇ ಹೇಳಿದರು. ನಮ್ಮ ಶಾಲೆ ಐದನೇ ಕ್ಲಾಸಿಗೇ ಮುಗಿಯುತ್ತಿತ್ತು. ಮುಂದೆ ಓದುವ ಗಂಡುಹುಡುಗರು ಕೊಳ್ಳೇಗಾಲಕ್ಕೆ ನಡೆದು ಹೋಗುತ್ತಿದ್ದರು. ಹೆಣ್ಣುಮಕ್ಕಳನ್ನು ಅಷ್ಟು ದೂರ ಯಾರು ಕಳಿಸುತ್ತಾರೆ? ಐದು ಮುಗಿಸಿದ ಹುಡುಗಿ ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ಹೊತ್ತು ತೋಟಕ್ಕೆ ಹೋದರೆ, ಆಮೇಲೆ ಅವಳನ್ನು ನೋಡುವುದು ಮದುವೆಯ ಚಪ್ಪರದಲ್ಲೇ. ಆ ವರ್ಷ ಐದನೇ ಕ್ಲಾಸಿನಲ್ಲಿ ನಾವು ಐದು ಜನ ಹುಡುಗಿಯರಿದ್ದೆವು. ಪುಟ್ಟಬಸಮ್ಮ ಎಂಬ ನಾನು, ನನ್ನ ಜೀವದ ಗೆಳತಿ ಮಾದೇವಮ್ಮ, ಇನ್ನು ಮೂವರು. "ನನಗೇನೂ ಗಣಿತದ ಹುಚ್ಚಿಲ್ಲ ಕಣ್ರೇ. ಆರನೇ ಕ್ಲಾಸು ಈ ಊರಿಗೆ ಬರಬೇಕು, ಅದರಲ್ಲಿ ನೀವು ಕೂರಬೇಕು. ಅದಕ್ಕೆ ರಾಗಿಯಾದ್ರೂ ಅಳೀತೀನಿ, ಮಣ್ಣಾದ್ರೂ ಅಳೀತೀನಿ" ಎಂದರು ಸುವರ್ಣಮ್ಮ.

ರಾಗಿಯಿಂದಲೇ ಶುರು ಮಾಡಿದರು, ರಾಗಿಯಿಂದಲೇ ಎಡವಟ್ಟಾಯಿತು. ಮೊದಲ ವಾರವೇ ಮನೆಯಲ್ಲಿ ಕೇಳಿಕೊಂಡು ಬರಲು ಒಂದು ಲೆಕ್ಕ ಕೊಟ್ಟರು. ನಿಮ್ಮ ಮನೆಯಲ್ಲಿ ಎಷ್ಟು ವಾಡೆಗಳಿವೆ, ಒಂದೊಂದರಲ್ಲಿ ಎಷ್ಟು ಕೊಳಗ ರಾಗಿ ಇದೆ? ವಾಡೆ ಎಂದರೆ ಧಾನ್ಯ ತುಂಬುವ ಆಳೆತ್ತರದ ಮಣ್ಣಿನ ಗುಡಾಣ, ನಮ್ಮ ಕಡೆ ಎಲ್ಲರ ಮನೆಯಲ್ಲೂ ಇತ್ತು. ಲೆಕ್ಕವೇನೋ ಚೆನ್ನಾಗಿತ್ತು. ಆದರೆ ಅದು ಲೆವಿಯ ಕಾಲ. ಸರ್ಕಾರದವರು ಬಂದು, ನಿನ್ನ ಮನೆಗೆ ಬೇಕಾದ್ದು ಇಷ್ಟು, ಮಿಕ್ಕಿದ್ದು ಕೊಡು ಎಂದು ರಾಗಿ ಎತ್ತಿಕೊಂಡು ಹೋಗುತ್ತಿದ್ದರು. ವಾಡೆಯಲ್ಲಿ ಎಷ್ಟಿದೆ ಎಂದು ಕಟ್ಟಿಕೊಂಡ ಹೆಂಡತಿಗೂ ಹೇಳದ ಕಾಲದಲ್ಲಿ ಮೇಡಮ್ಮ ಮಕ್ಕಳ ಕೈಯಲ್ಲಿ ಕೇಳಿ ಕಳಿಸಿದ್ದರು.

ನಮ್ಮ ತಾತ ದೊಡ್ಡಮಾದಪ್ಪ ಊರಿನ ಯಜಮಾನ. ನಾನು ಕೇಳಿದಾಗ ಮುದ್ದೆ ಮುರಿಯುತ್ತಿದ್ದರು, ಕೈ ಅಲ್ಲೇ ನಿಂತಿತು.

"ಯಾರವ್ವ ಕೇಳ್ಕಂಬಾ ಅಂದದ್ದು?"

"ಮೇಡಮ್ಮ."

"ಎಲ್ಡು ಕೊಳಗ ಅನ್ನು. ಅದ್ಕೂ ಉಳ ಇಡ್ದದೆ ಅನ್ನು."

ತಾತನ ಬೆನ್ನ ಹಿಂದಿನ ಕೋಣೆಯಲ್ಲಿ ವಾಡೆಗಳು ಎಷ್ಟಿದ್ದವೆಂದರೆ, ಅವುಗಳ ಸಂದಿಯಲ್ಲಿ ನಾವು ಕಣ್ಣಾಮುಚ್ಚಾಲೆ ಆಡುತ್ತಿದ್ದೆವು. ಆದರೂ ನಾನು ಮಾರನೆಯ ದಿನ ಶಾಲೆಯಲ್ಲಿ ಎರಡು ಕೊಳಗ ಎಂದೆ, ಹುಳವನ್ನೂ ಸೇರಿಸಿದೆ. ಎಲ್ಲರ ಮನೆಯ ರಾಗಿಗೂ ಹುಳ ಹಿಡಿದಿತ್ತು. ಹಲಗೆಯ ಮೇಲೆ ಕೂಡಿದಾಗ ಇಡೀ ಊರಿನ ರಾಗಿ ಒಂದು ಬೀಗರ ಊಟಕ್ಕೂ ಸಾಲುವಂತಿರಲಿಲ್ಲ.

ಸುವರ್ಣಮ್ಮ ಗಲ್ಲಕ್ಕೆ ಕೈಯಿಟ್ಟುಕೊಂಡರು. "ಅಯ್ಯೋ ಶಿವನೇ, ಈ ಲೆಕ್ಕದಲ್ಲಿ ನಿಮ್ಮೂರು ಹೋದ ಯುಗಾದಿಗೇ ಸತ್ತುಹೋಗಿರಬೇಕಲ್ಲ! ನನ್ನ ಮುಂದೆ ಕೂತಿರೋರು ಯಾರು, ದೆವ್ವಗಳಾ?" ಆಮೇಲೆ ಕಣ್ಣು ಕಿರಿದು ಮಾಡಿ, "ಸರಿ, ನಿಮ್ಮನೇದು ಬೇಡ. ಪಕ್ಕದ ಮನೇಲಿ ಎಷ್ಟಿದೆ, ಅದನ್ನ ಕೇಳಿಕೊಂಡು ಬನ್ನಿ" ಎಂದರು.

ಈ ಸಲ ಉತ್ತರಗಳು ಓಡೋಡಿ ಬಂದವು. ಪಕ್ಕದ ಮನೆಯ ರಾಗಿಯ ಬಗ್ಗೆ ನಮ್ಮೂರಿಗೆ ಇದ್ದ ಜ್ಞಾನ ಅಪಾರ. ಯಾರ ಅಟ್ಟದಲ್ಲಿ ಏನಿದೆ, ಯಾರ ಕೊಟ್ಟಿಗೆಯ ಹುಲ್ಲಿನ ಕೆಳಗೆ ಏನಿದೆ, ಕೇಳದಿದ್ದರೂ ಹೇಳಿ ಕಳಿಸಿದ್ದರು. ಕೂಡಿದರೆ ಮದರಾಸು ಪಟ್ಟಣಕ್ಕೆಲ್ಲ ನಾವೇ ಮುದ್ದೆ ಹಾಕಬಹುದಿತ್ತು. ಸುವರ್ಣಮ್ಮ ಎರಡೂ ಲೆಕ್ಕಗಳನ್ನು ಅಕ್ಕಪಕ್ಕ ಬರೆದು, "ಇದು ಒಂದು ಸುಳ್ಳು, ಇದು ಇನ್ನೊಂದು ಸುಳ್ಳು. ಎರಡನ್ನೂ ಕೂಡಿಸಿ ಅರ್ಧ ಮಾಡಿ. ಇದಕ್ಕೆ ಸರಾಸರಿ ಅಂತಾರೆ" ಎಂದರು. ಅಷ್ಟು ಚೆನ್ನಾಗಿ ಸರಾಸರಿಯನ್ನು ನನಗೆ ಮುಂದೆ ಯಾರೂ ಕಲಿಸಲಿಲ್ಲ.

ಅಂದು ಸಂಜೆಯೇ ಊರಿನ ಹಿರಿಯರು ಶಾಲೆಗೆ ನುಗ್ಗಿದರು. ತಾತ ಮುಂದಿದ್ದರು.

"ಏನವ್ವ ಮೇಡಮ್ಮ, ನೀನು ಪಾಟ ಏಳ್ಕೊಡಕ್ ಬಂದಿಯೋ, ಲೆವಿ ಎತ್ತಕ್ ಬಂದಿಯೋ?"

ಹಲಗೆಯ ಮೇಲೆ ಲೆಕ್ಕ ಹಾಗೇ ಇತ್ತು. ತಾತ ಅದರಲ್ಲಿ ನಮ್ಮ ಮನೆಯ ಸಾಲು ಹುಡುಕಿದರು, ಸರಾಸರಿ ನೋಡಿದರು, ಟವೆಲಿನಿಂದ ಕತ್ತು ಒರೆಸಿಕೊಂಡರು. ಸುವರ್ಣಮ್ಮ ಸೆರಗಿನಿಂದಲೇ ಹಲಗೆಯನ್ನು ಪೂರಾ ಒರೆಸಿಬಿಟ್ಟರು. "ನೋಡಿ ಯಜಮಾನ್ರೇ, ನನ್ನ ಹತ್ರ ಏನೂ ಇಲ್ಲ, ನೀವೂ ಏನೂ ನೋಡಲಿಲ್ಲ. ನಿಮ್ಮ ವಾಡೆ ಉಸಾಬರಿ ನನಗೆ ಬೇಡ. ಮನೆಗೊಂದು ಸೇರು ರಾಗಿ ಶಾಲೆಗೇ ಅಂತ ಕೊಡಿ. ಮಕ್ಕಳು ಅದನ್ನೇ ಅಳೆದು ಕಲೀಲಿ."

ತಾತನಿಗೆ ಹಗುರಾಯಿತು. ಆದರೂ ಯಜಮಾನರಲ್ಲವೇ, ಒಂದು ಕಟ್ಟಳೆ ಹಾಕದೆ ಹೋಗುವುದುಂಟೇ? "ಕೊಡ್ತೀವಿ ಕಣವ್ವ. ಆದ್ರೆ ಕಣದಲ್ಲಿ ಎಂಗಳೀತೀವೋ ಅಂಗೇ ಅಳೀಬೇಕು. ಕಾಲಲ್ಲಿ ಮೆಟ್ಟು ಇರ್ಕೂಡ್ದು. ಮೊದಲ್ನೇ ಸೇರ್ಗೆ ಒಂದು ಅನ್ಬಾರ್ದು, ಲಾಭ ಅನ್ಬೇಕು. ರಾಶೀನ ಯಾವತ್ತೂ ಬರಿದು ಮಾಡ್ಬಾರ್ದು, ಕಡೇಗೆ ಒಂದ್ ಹಿಡಿ ಬುಡ್ಬೇಕು. ಅನ್ನ ಕಣವ್ವ ಅದು, ಆಟದ ಸಾಮಾನಲ್ಲ."

"ಆಗಲಿ" ಎಂದರು ಸುವರ್ಣಮ್ಮ. ಅವರ ಅಮ್ಮನ ಮನೆಯಲ್ಲೂ ಅಳೆಯುತ್ತಿದ್ದುದು ಹೀಗೆಯೇ, ಹಾಗಾಗಿ ಅದರಲ್ಲಿ ತೊಡಕೇನಾದರೂ ಇದೆಯೆಂದು ಅವರಿಗೆ ಹೊಳೆಯಲೇ ಇಲ್ಲ.

ಆ ವರ್ಷ ನಾವು ಕಂಡಷ್ಟು ಖುಷಿಯನ್ನು ಯಾವ ಶಾಲೆಯೂ ಕಂಡಿರಲಾರದು. ಜಗಲಿಯ ಮೇಲೆ ರಾಗಿಯ ರಾಶಿ. ಅಳೆದು ಕೂಡಿದೆವು, ತೆಗೆದು ಕಳೆದೆವು, ಅಣ್ಣತಮ್ಮಂದಿರ ಪಾಲಿನ ಜಗಳ ಆಡಿ ಭಾಗಾಕಾರ ಕಲಿತೆವು. ನೀರಿಗೆ ಬಂದ ಹೆಂಗಸರು ಬಿಂದಿಗೆ ಇಳಿಸಿ ನಿಂತು, ತಪ್ಪು ಮಾಡಿದವರನ್ನು ಬೈದು ಹೋಗುತ್ತಿದ್ದರು. ಯಳಂದೂರಿನ ಸೇರಿಗೂ ನಮ್ಮ ಸೇರಿಗೂ ವ್ಯತ್ಯಾಸವಿದೆಯೆಂದು ಅಳೆದು ತೋರಿಸಿದ ದಿನ ಸುವರ್ಣಮ್ಮನವರ ಅತ್ತೆ, "ಅದ್ಕೇ ನಿಮ್ಮಪ್ಪ ಮದ್ವೇಲಿ ಕೊಟ್ಟ ಅಕ್ಕಿ ಕಮ್ಮಿ ಬಂದದ್ದು" ಎಂದು ಹಳೆಯ ವ್ಯಾಜ್ಯ ತೆಗೆದರು. ಗದ್ದಲದಲ್ಲಿ ನಿದ್ದೆ ಬಾರದೆ ಸೊರಗಿದ ಜಡೇಸ್ವಾಮಿ ಮೇಷ್ಟ್ರು ಮಾತ್ರ ಇನ್ಸ್‌ಪೆಕ್ಟರ ದಾರಿ ಕಾಯುತ್ತಿದ್ದರು.

ಇನ್ಸ್‌ಪೆಕ್ಟರು ಮಾರ್ಚಿನಲ್ಲಿ ಬಂದರು. ಕರಿ ಕೋಟು, ಹೊಳೆಯುವ ಬೂಟು, ಅರ್ಧ ತಮಿಳಿನ ಕನ್ನಡ. ಅಪ್ಪ ಅಮ್ಮಂದಿರೆಲ್ಲ ಕಿಟಕಿಗಳಿಗೆ ಜೋತುಬಿದ್ದಿದ್ದರು. ಹನ್ನೆರಡು ಸೇರಿನ ರಾಶಿ ಹಾಕಿಸಿ ಅವರು ನನ್ನನ್ನು ಕರೆದರು.

"ಹನ್ನೆರಡು ಸೇರು ಇದೆ. ಹನ್ನೆರಡೂ ಎಡುತ್ತರೆ ಮಿಚ್ಚ ಎಷ್ಟು ಉಳಿಯುತ್ತದೆ ಅಮ್ಮಾ?"

"ಒಂದು ಹಿಡಿ, ಸಾ" ಎಂದೆ ನಾನು, ಎದೆಯುಬ್ಬಿಸಿ.

ಅವರು ಮತ್ತೊಮ್ಮೆ ಕೇಳಿದರು. ನಾನು ಮತ್ತೊಮ್ಮೆ ಹಿಡಿಯೆಂದೆ. ಮಾದೇವಮ್ಮನನ್ನು ಕರೆದು, ನಾಲ್ಕು ಜನಕ್ಕೆ ಹಂಚು ಎಂದರು. "ತಲೆಗೆ ಮೂರು ಸೇರು ಸಾ. ಆಮ್ಯಾಕೆ ಒಂದ್ ಹಿಡಿ" ಎಂದಳು ಅವಳು. ಇಡೀ ಕ್ಲಾಸನ್ನು ಕೇಳಿದರು. ಇಡೀ ಕ್ಲಾಸು ಹಿಡಿಯನ್ನು ಬಿಟ್ಟುಕೊಡಲಿಲ್ಲ. ಕಿಟಕಿಯಲ್ಲಿದ್ದ ಅಮ್ಮಂದಿರು ಸರಿ ಸರಿ ಎಂದು ತಲೆಯಾಡಿಸುತ್ತಿದ್ದರು.

"ಒಂದು ವರುಷ ಓದಿ, ಹನ್ನೆರಡರಲ್ಲಿ ಹನ್ನೆರಡು ಹೋದರೆ ಸೊನ್ನೆ ಅಂತ ಒಬ್ಬರಿಗೂ ತೆರಿಯದಾ!" ಇನ್ಸ್‌ಪೆಕ್ಟರ ಮುಖ ಕೆಂಪಾಯಿತು. ಜಡೇಸ್ವಾಮಿ ಮೇಷ್ಟ್ರ ಮುಖ ಬೆಳಗಿತು. "ಸಾ, ಮಗ್ಗಿ ಹೇಳಿಸ್ಲಾ ಸಾ?"

ಏನೋ ಕೆಟ್ಟಿತು ಎಂದು ನನಗೆ ಆಗ ಅರ್ಥವಾಯಿತು. ಆರನೇ ಕ್ಲಾಸು ನನ್ನ ಬಾಯಿಂದಲೇ ಹೊರಟುಹೋಯಿತಲ್ಲ ಎಂದು ಅಳು ಬಂತು. ಸುವರ್ಣಮ್ಮನವರ ಮುಖ ಒಂದು ಗಳಿಗೆ ಬಿಳಿಚಿದ್ದನ್ನೂ ನೋಡಿದೆ. ಆಮೇಲೆ ಅವರು ಕೆಮ್ಮಿ, ಬಹಳ ವಿನಯದಿಂದ, "ಸಾರ್, ಮಕ್ಕಳಿಗೆ ತಿಳೀತಿಲ್ಲ. ನೀವೇ ಒಂದು ಸಲ ಬರಿದು ಮಾಡಿ ತೋರಿಸಿಬಿಡಿ" ಎಂದರು.

ಇನ್ಸ್‌ಪೆಕ್ಟರು ಸೇರನ್ನು ಕಿತ್ತುಕೊಂಡು ರಾಶಿಯ ಹತ್ತಿರ ಬಂದರು. ಬಂದವರು ನಿಂತರು. ಹಿಂದೆ ಹೋಗಿ ಬೂಟು ಬಿಚ್ಚಿಟ್ಟು ಬಂದರು. ಬಿಚ್ಚಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕೋಟು ಮಡಚಿ ಚಕ್ಕಳಮಕ್ಕಳ ಕೂತು ಮೊದಲ ಸೇರು ತುಂಬಿದರು. ತುಟಿ ತಾನಾಗಿ ಅಂದಿತು: "ಲಾಭಂ."

ನಾವು ಒಬ್ಬರನ್ನೊಬ್ಬರು ಚಿವುಟಿಕೊಂಡೆವು. ಅವರು ಎರಡು, ಮೂರು ಎನ್ನುತ್ತಾ ಅಳೆದರು. ಕಡೆಯ ಸೇರು ತುಂಬುವಾಗ ನೆಲದ ಮೇಲೆ ಒಂದು ಹಿಡಿಯಷ್ಟು ಉಳಿಯಿತು. ಬಳಿಯಲು ಚಾಚಿದ ಕೈ ಅಲ್ಲೇ ನಿಂತಿತು. ಇನ್ಸ್‌ಪೆಕ್ಟರು ಕೈ ಹಿಂದಕ್ಕೆ ತೆಗೆದುಕೊಂಡು ನಾಚಿಕೆಯಿಂದ ಸುತ್ತ ನೋಡಿದರು. "ಬರಿದು ಮಾಡಲು ನಮ್ಮ ಅಮ್ಮನೂ ಬಿಡುತ್ತಿರಲಿಲ್ಲ" ಎಂದರು.

ಎಲ್ಲರೂ ಗೊಳ್ಳೆಂದರು. ಅವರೂ ನಕ್ಕರು, ಆದರೆ ಎದ್ದು ಬೂಟು ಹಾಕಿಕೊಂಡ ಮೇಲೆ ಮತ್ತೆ ಇನ್ಸ್‌ಪೆಕ್ಟರೇ ಆದರು. "ಅದೆಲ್ಲ ಸರಿ ಅಮ್ಮಾ. ಸೊನ್ನೆ ತಿಳಿಯದ ಮಕ್ಕಳಿಗೆ ನಾನು ಆರನೇ ಕ್ಲಾಸು ಹೇಗೆ ಕೊಡಲಿ?"

ಸುವರ್ಣಮ್ಮ ನಮ್ಮ ಕಡೆ ತಿರುಗಿ ಸೆರಗು ಬಿಗಿದರು. "ಮಕ್ಕಳೇ, ರಾಗಿ ಬಿಡಿ. ಪುಟ್ಟಬಸಮ್ಮನ ತಲೇಲಿ ಹನ್ನೆರಡು ಹೇನು ಇದ್ದವು. ಹನ್ನೆರಡನ್ನೂ ಅವರಮ್ಮ ಹೆಕ್ಕಿ ಕುಕ್ಕಿದರು. ಉಳಿದದ್ದು?"

"ಸೊನ್ನೆ ಮೇಡಮ್ಮಾ!" ಹಿಡಿ ಹೇನು ಉಳಿಸಿಕೊಳ್ಳಲು ಯಾರಿಗೂ ಇಷ್ಟವಿರಲಿಲ್ಲ. ನನಗಂತೂ ಮೊದಲೇ ಇರಲಿಲ್ಲ.

"ಎಮ್ಮೆ ಕಿವೀಲಿ ಒಂಬತ್ತು ಉಣ್ಣೆ. ಒಂಬತ್ತನ್ನೂ ಕಿತ್ತರೆ?"

"ಸೊನ್ನೆ!"

"ಲೆವಿ ಸಾಹೇಬರು ಮೂರು ಜನ ಊರಿಗೆ ಬಂದ್ರು. ಮೂರು ಜನವೂ ಬಂದ ದಾರೀಲೇ ವಾಪಸ್ ಹೋದ್ರು. ಊರಲ್ಲಿ ಉಳಿದೋರು?"

"ಸೊನ್ನೇ!" ಈ ಸಲ ಕಿಟಕಿಗಳೂ ಕೂಗಿದವು. ಎಲ್ಲರಿಗಿಂತ ಜೋರು ದನಿ ನಮ್ಮ ತಾತನದು. ಇನ್ಸ್‌ಪೆಕ್ಟರು ಕರ್ಚೀಫು ಬಾಯಿಗೆ ಹಿಡಿದು ಕುಲುಕುತ್ತಿದ್ದರು.

ಸುವರ್ಣಮ್ಮ ಅದೇ ಉಸಿರಿನಲ್ಲಿ, ಅದೇ ರಾಗದಲ್ಲಿ ಕೇಳಿದರು. "ಐದನೇ ಕ್ಲಾಸಲ್ಲಿ ಐದು ಜನ ಹುಡುಗೀರು. ಐದೂ ಜನ ಸೊಪ್ಪಿನ ಬುಟ್ಟಿ ಹೊತ್ತು ತೋಟಕ್ಕೆ ಹೋದ್ರು. ಈ ಊರಿಂದ ಆರನೇ ಕ್ಲಾಸಿಗೆ ಹೋಗೋ ಹುಡುಗೀರು?"

"ಸೊನ್ನೇ!" ಎಂದು ಕೂಗಿಬಿಟ್ಟೆವು.

ಕೂಗಿದ ಮೇಲೆ ಏನು ಕೂಗಿದೆವೆಂದು ತಿಳಿಯಿತು. ಮಾದೇವಮ್ಮ ನನ್ನ ಕೈ ಹಿಡಿದುಕೊಂಡಳು. ಕಿಟಕಿಯಲ್ಲಿ ನಗುತ್ತಿದ್ದವರ ಬಾಯಿ ಮುಚ್ಚಿತು. ನನಗೆ ಆಗ ಅವಮಾನವಾಯಿತು, ಕೋಪವೂ ಬಂತು. ಹೇನಿನ ಸಾಲಿಗೆ, ಉಣ್ಣೆಯ ಸಾಲಿಗೆ ನಮ್ಮನ್ನು ಸೇರಿಸಿದ್ದು ಮೇಡಮ್ಮನಲ್ಲ, ನಮ್ಮವರೇ ಎಂದು ಅಷ್ಟು ಚಿಕ್ಕವಳಿಗೂ ಗೊತ್ತಾಯಿತು.

ಇನ್ಸ್‌ಪೆಕ್ಟರು ಕರ್ಚೀಫು ಮಡಚಿ ಜೇಬಿಗಿಟ್ಟರು. "ಕ್ಲಾಸು ಕೊಡಬಹುದು. ಕೋಣೆ ಇದೆಯಾ?"

"ಇಲ್ಲ ಸಾ!" ಎಂದರು ಜಡೇಸ್ವಾಮಿ ಮೇಷ್ಟ್ರು, ಕಡೆಯ ಆಸೆಯಿಂದ.

ಕಿಟಕಿಯ ಕಡೆಯಿಂದ ತಾತನ ದನಿ ಬಂತು. "ನಮ್ಮಟ್ಟಿ ಇಂದ್ಲ ಕೋಣೆ ಕೊಡ್ತೀನಿ. ಬರ್ಕಳಿ ಸಾ." ಇಡೀ ಊರು ತಿರುಗಿ ಅವರನ್ನು ನೋಡಿತು. ಆ ಕೋಣೆಯಲ್ಲಿ ಏನಿದೆಯೆಂದು ಗೊತ್ತಿಲ್ಲದವರು ಅಲ್ಲಿ ಇನ್ಸ್‌ಪೆಕ್ಟರೊಬ್ಬರೇ.

ಕೋಣೆ ಖಾಲಿಯಾಗಬೇಕಾದರೆ ವಾಡೆಗಳು ಹಗಲಿನಲ್ಲೇ ಬೀದಿಗೆ ಬರಬೇಕಾಯಿತು. ಬಂದವು, ಬರುತ್ತಲೇ ಇದ್ದವು. ಊರಿನವರು ಜಗಲಿಗಳ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ನೋಡಿದರು. "ಉಳ ಇಡ್ದ ರಾಗಿ ಇಷ್ಟೊಂದಾ ಯಜಮಾನ್ರೇ?" ಎಂದು ಸುವರ್ಣಮ್ಮ ಕೇಳಿದ್ದಕ್ಕೆ ತಾತ, "ಸುಮ್ಕಿರವ್ವ" ಎಂದರು. ಯಾರೂ ಎಲ್ಲೂ ಬಾಯಿ ಬಿಡಲಿಲ್ಲ. ಎಲ್ಲರ ಮನೆಗೂ ಒಂದು ಹಿಂದಿನ ಕೋಣೆ ಇತ್ತಲ್ಲ.

ಹೊಸ ಗಣಿತ ಕ್ರಮ ನಮ್ಮೂರಿನಿಂದ ಮಧುವನಹಳ್ಳಿಯ ಕಡೆಗೂ ಹೋಯಿತು. ಅಲ್ಲಿನ ಮೇಷ್ಟ್ರುಗಳಿಗೆ ಕಲಿಸಲು ಸುವರ್ಣಮ್ಮನವರೇ ಗಾಡಿ ಕಟ್ಟಿಸಿಕೊಂಡು ಹೋಗುತ್ತಿದ್ದರು, ಸೊನ್ನೆಯನ್ನು ಮೊದಲು ಹೇನಿನಲ್ಲಿ ಕಲಿಸಿ ಎಂದು ಹೇಳಿ ಬರುತ್ತಿದ್ದರು. ಜಡೇಸ್ವಾಮಿ ಮೇಷ್ಟ್ರಿಗೆ ಕರುಣೆಯಿಂದ ಮಧ್ಯಾಹ್ನದ ಮಗ್ಗಿಯನ್ನು ಹಿಂದಕ್ಕೆ ಕೊಟ್ಟರು. ಸದಾಶಿವಪ್ಪನವರು ಹೆಂಡತಿಯ ಬಗ್ಗೆ ಒಂದೇ ಒಂದು ಮಾತು ಆಡಿದರೆಂದು ಹೇಳುತ್ತಾರೆ, ಏನೆಂದು ಯಾರಿಗೂ ಕೇಳಿಸಲಿಲ್ಲ.

ಜೂನಿನಲ್ಲಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಆರನೇ ತರಗತಿ ಶುರುವಾಯಿತು. ಹುಡುಗಿಯರು ನಾಲ್ಕು ಜನ ಕೂತೆವು. ಮಾದೇವಮ್ಮನನ್ನು ಆ ಬೇಸಿಗೆಯಲ್ಲೇ ಕೌದಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದರು. ಅವಳ ಅಜ್ಜಿಗೆ ಕಣ್ಣು ಮುಚ್ಚುವ ಮುಂಚೆ ಮೊಮ್ಮಗಳ ಮದುವೆ ನೋಡಬೇಕಿತ್ತಂತೆ. ಅಜ್ಜಿ ಆಮೇಲೆ ಬಹಳ ವರ್ಷ ಗಟ್ಟಿಯಾಗಿದ್ದಳು, ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಸುವರ್ಣಮ್ಮ ಬಸ್ಸು ಹಿಡಿದು ಹನೂರು ದಾಟಿ ಕೌದಳ್ಳಿಗೆ ಹೋಗಿ ಕೇಳಿದರು. ಆ ಮನೆಯವರು ಮರ್ಯಾದಸ್ಥರು. ಬಿಸಿ ನೀರು ಕೊಟ್ಟು, ಊಟ ಹಾಕಿ, ಬಸ್ಸಿನ ತನಕ ಬಂದು ಕಳಿಸಿಕೊಟ್ಟರು. ಹುಡುಗಿಯನ್ನು ಮಾತ್ರ ಕಳಿಸಲಿಲ್ಲ.

ಮಾರನೆಯ ದಿನ ಸುವರ್ಣಮ್ಮ ಎಂದಿನ ಹಾಗೆಯೇ ಕ್ಲಾಸಿಗೆ ಬಂದರು, ನಗಿಸಿದರು, ರೇಗಿಸಿದರು. ಆದರೆ ಆ ವರ್ಷ ಪೂರ್ತಿ ಅವರು ಐದರಲ್ಲಿ ಒಂದು ಹೋದರೆ ಎಷ್ಟು ಎಂದು ನಮ್ಮನ್ನು ಯಾರನ್ನೂ ಕೇಳಲಿಲ್ಲ.